ಬಾಗಿಲು ಹಾಕಿದ್ದ ಆಟಿ

ಮೊನ್ನೆ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಅಣಕು ವಿಧಾನಸಭೆ ಏರ್ಪಡಿಸಿದ್ದರು. ಹೈಸ್ಕೂಲಿನಲ್ಲಿ ಬಹುಕಾಲ ಸಮಾಜ ಪಾಠ ಮಾಡಿ ನಿವೃತ್ತಳಾದವಳು ಎಂಬ ಒಂದೇ ಕಾರಣಕ್ಕೆ ನನ್ನನ್ನು ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸಿದ್ದರು. ಹೊರಗೆ ಆಟಿ ತಿಂಗಳ ಮಳೆ. ಸಭಾಂಗಣದ ತಗಡಿನ ಮಾಡಿನ ಮೇಲೆ ಅದು ಬೀಳುವ ಸದ್ದಿಗೆ ಮಕ್ಕಳ ಮಂತ್ರಿಮಂಡಲ ಗಂಟಲು ಹರಿದುಕೊಂಡು ಉತ್ತರ ಕೊಡುತ್ತಿತ್ತು. ಅಷ್ಟರ ಮಟ್ಟಿಗೆ ಅದು ನಿಜವಾದ ಸದನದ ಹಾಗೆಯೇ ಇತ್ತು.

ಕೊನೆಗೆ ಮಸೂದೆಯನ್ನು ಮತಕ್ಕೆ ಹಾಕಿದರು. ಸಭಾಧ್ಯಕ್ಷರ ಪೀಠದಲ್ಲಿದ್ದ ಹುಡುಗಿ ಗಂಭೀರವಾಗಿ, "ಪ್ರಸ್ತಾವದ ಪರವಾಗಿರುವವರು ಹೌದು ಎನ್ನಿ" ಅಂದಳು. ಆಡಳಿತ ಪಕ್ಷದ ಬೆಂಚುಗಳು ಹೌದು ಎಂದು ಅರಚಿದವು. "ವಿರುದ್ಧವಾಗಿರುವವರು ಇಲ್ಲ ಎನ್ನಿ" ಅಂದಾಗ ಎದುರಿನವರು ಅರಚಿದರು. ಮಸೂದೆ ಪಾಸಾಯಿತು, ಎಲ್ಲರೂ ಚಾ ಕುಡಿಯಲು ಎದ್ದರು. ಆ ಹುಡುಗಿ ಮಾತ್ರ ನನ್ನ ಹತ್ತಿರ ಬಂದು ಕೇಳಿದಳು: "ಮೇಡಂ, ಆಡಳಿತ ಪಕ್ಷದ ಕಡೆ ಒಬ್ಬಳು ಬಾಯಿಯೇ ತೆರೆಯಲಿಲ್ಲ, ನಾನು ನೋಡಿದೆ. ಅವಳನ್ನು ಯಾವ ಕಡೆಗೆ ಸೇರಿಸುವುದು?"

"ಯಾವ ಕಡೆಗೂ ಇಲ್ಲ. ಧ್ವನಿಮತದಲ್ಲಿ ಸುಮ್ಮನಿದ್ದವರು ಲೆಕ್ಕಕ್ಕೆ ಬರುವುದಿಲ್ಲ" ಅಂದೆ. ನಿಯಮದ ಪ್ರಕಾರ ಸರಿಯಾದ ಉತ್ತರವೇ. ಆದರೆ ಇದೇ ಮಾತನ್ನು ನಾನು ಹಿಂದೆ ಒಮ್ಮೆ ಹೇಳಿದ್ದೆ. ಆಗ ಕೇಳಿದವಳು ನನ್ನ ಅಮ್ಮ. ಅದೂ ಆಟಿಯಲ್ಲೇ.

ಆ ವರ್ಷ ನನ್ನ ಅಣ್ಣ ದಿವಾಕರ ಶಾಸಕನಾಗಿದ್ದ. ಯಾವ ಪಕ್ಷ, ಯಾವ ಕ್ಷೇತ್ರ ಎಂದು ಬರೆಯುವುದಿಲ್ಲ. ಬರೆದರೆ ನಮ್ಮ ಊರಿನವರು ಮುಂದಿನದನ್ನು ಓದುವುದು ಬಿಟ್ಟು ಹಿಂದಿನದನ್ನು ಹುಡುಕಲು ಹೊರಡುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರರ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ನಾನು ಮದುವೆಯಾಗದೆ ತವರಿನಲ್ಲೇ ಉಳಿದವಳು. ಗುರುವಾಯನಕೆರೆಯ ಆ ಮನೆಯ ಚಾವಡಿಯೇ ಅವನ ಕಚೇರಿ. ಬೆಳಿಗ್ಗೆ ಬಂದವರಿಗೆ ಚಾ ಕೊಟ್ಟು, ಅರ್ಜಿ ತೆಗೆದುಕೊಂಡು, ಆಮೇಲೆ ಬಸ್ಸು ಹಿಡಿದು ಶಾಲೆಗೆ ಹೋಗಿ "ರಾಜ್ಯ ಶಾಸಕಾಂಗ" ಎಂಬ ಪಾಠ ಮಾಡುತ್ತಿದ್ದೆ. ಶಾಸಕನೆಂದರೆ ಕ್ಷೇತ್ರದ ಜನರ ಪ್ರತಿನಿಧಿ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮಕ್ಕಳೂ ಅದನ್ನೇ ಬರೆದು ಪೂರ್ತಿ ಅಂಕ ಪಡೆಯುತ್ತಿದ್ದರು.

ಅಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಾವಿನ ಮನೆಗೆ ತಪ್ಪದೆ ಹೋಗುವವನು, ಪೊಲೀಸು ಠಾಣೆಗೆ ತಾನೇ ನಡೆದುಕೊಂಡು ಹೋಗುವವನು. ಒಂದೇ ದೋಷವೆಂದರೆ ಮಾತು. ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಕೊಡುತ್ತಿದ್ದ.

ಚುನಾವಣೆಯ ಬೇಸಗೆಯಲ್ಲಿ ಅವನ ಜೊತೆ ನಾನೂ ಬೊಳ್ಳಪಲ್ಕೆಗೆ ಹೋಗಿದ್ದೆ. ಅಲ್ಲಿ ಒಂದಿಷ್ಟು ಮನೆಗಳು, ಸಣ್ಣ ಸಣ್ಣ ತೋಟಗಳು, ತೋಟಗಳಿಗೆ ತಾಗಿದ ಹಾಗೆ ಒಂದು ಗುಡ್ಡೆ. ಇಂಥ ಗುಡ್ಡೆಗೆ ನಮ್ಮಲ್ಲಿ ಕುಮ್ಕಿ ಎನ್ನುತ್ತಾರೆ. ದಾಖಲೆಯಲ್ಲಿ ಅದು ಸರ್ಕಾರದ್ದು. ಸೊಪ್ಪು ಸೌದೆ ತೆಗೆಯುವ ಹಕ್ಕು ತೋಟದವರದು. ಬೊಳ್ಳಪಲ್ಕೆಯ ನೀರೂ ಆ ಗುಡ್ಡೆಯ ಒರತೆಯಿಂದಲೇ ಇಳಿಯುವುದು. ಈ ಕುಮ್ಕಿ ಜಾಗಗಳನ್ನೆಲ್ಲ ಸರ್ಕಾರ ಹಿಂದಕ್ಕೆ ಪಡೆದು ಕಂಪನಿಗಳಿಗೆ ಗುತ್ತಿಗೆ ಕೊಡುತ್ತದಂತೆ ಎಂಬ ಸುದ್ದಿ ಆಗಲೇ ಹಬ್ಬಿತ್ತು.

ಅಲ್ಲಿನ ಕಮಲಕ್ಕ ಗಂಡ ತೀರಿದ ಮೇಲೆ ಒಬ್ಬಳೇ ತೋಟ ನೋಡಿಕೊಳ್ಳುತ್ತಿದ್ದ ಹೆಂಗಸು. ಕಡಿಮೆ ಮಾತು. ಅಣ್ಣನ ಭಾಷಣವನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ಹೇಳಿದಳು: "ದಿವಾಕರಣ್ಣ, ನೀವು ಗೆದ್ದು ಹೋದ ಮೇಲೆ ಬೆಂಗಳೂರಲ್ಲಿ ಎಂತ ಮಾಡ್ತೀರಿ ಅಂತ ನಮಗೆ ಕಾಣುವುದಿಲ್ಲ. ಇಲ್ಲಿ ಒಂದು ಮಾತು ಹೇಳಿ ಹೋಗಿ. ಇದಕ್ಕೆ ಕಾಣ್ತದೆ."

ಅವಳು ತೋರಿಸಿದ್ದು ಗುಡ್ಡೆಯ ಬುಡದ ದೈವಸ್ಥಾನವನ್ನು. ಗುರುವಾಯನಕೆರೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಹಮೀದಾಕನಿಗೂ ಬೊಳ್ಳಪಲ್ಕೆಯಲ್ಲಿ ಒಂದು ತುಂಡು ತೋಟವಿತ್ತು. ಅವರು ಅಂಗಳದ ಹೊರಗೆ ಟೊಪ್ಪಿ ಸರಿ ಮಾಡಿಕೊಂಡು, ಕೈಕಟ್ಟಿ ಸಾಕ್ಷಿಯ ಹಾಗೆ ನಿಂತರು. ಅಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ. "ಈ ಗುಡ್ಡೆಯನ್ನು ಇವರ ಕೈಯಿಂದ ತೆಗೆಯುವ ಯಾವ ಕೆಲಸಕ್ಕೂ ನನ್ನ ಒಪ್ಪಿಗೆ ಇರುವುದಿಲ್ಲ. ತಪ್ಪಿದರೆ ನನ್ನನ್ನು ಕೇಳು" ಅಂದ.

ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅದು ಅವನು ಹೆಚ್ಚಿಗೆ ಕೊಟ್ಟ ಹಿಡಿ.

ಸಂಜೆ ಅಮ್ಮನಿಗೆ ಇದನ್ನು ಹೇಳಿದಾಗ ಅವಳು ಬಸಳೆ ಸೋಸುತ್ತಿದ್ದ ಕೈ ನಿಲ್ಲಿಸಿದಳು. "ಕೇಳು ಅಂತ ಯಾಕೆ ಹೇಳಿದೆ ಮಗಾ? ಮನುಷ್ಯರಾದರೆ ಮರೆತುಬಿಡ್ತಾರೆ. ಅದು ಕೇಳದೆ ಬಿಡುವುದಿಲ್ಲ" ಅಂದಳು. ಅಣ್ಣ ನಕ್ಕುಬಿಟ್ಟ. ನಾನೂ ನಕ್ಕೆ.

ಅವನು ಗೆದ್ದ. ಅವನ ಪಕ್ಷವೇ ಸರ್ಕಾರ ಮಾಡಿತು. ಆದರೆ ಬಹುಮತ ಎಂಬುದು ನೂಲಿನ ಮೇಲೆ ನಿಂತಿತ್ತು; ನಾಲ್ಕು ಜನ ಮುನಿಸಿಕೊಂಡರೆ ಮಂತ್ರಿಗಳು ಕುರ್ಚಿ ಬಿಟ್ಟು ಏಳಬೇಕು. ಎರಡನೆಯ ವರ್ಷದ ಮಳೆಗಾಲದ ಅಧಿವೇಶನಕ್ಕೆ ಆ ಮಸೂದೆ ಬಂತು.

ಆ ಮಳೆಗಾಲ ಹಿಡಿದ ರೀತಿಯೇ ನನಗೆ ಸರಿ ಕಂಡಿರಲಿಲ್ಲ. ಆಟಿಯ ಹಿಂದಿನ ತಿಂಗಳು ಕಾರ್ತೆಲಿನಲ್ಲಿ ಬರಬೇಕಾದ ಮಳೆ ಬಾರದೆ, ಆಟಿ ಕಾಲಿಟ್ಟ ಕೂಡಲೇ ಒಟ್ಟಿಗೆ ಸುರಿಯತೊಡಗಿತು. ತುಳುವರಿಗೆ ಆಟಿ ಅಂದರೆ ಕಾಲು ಹಿಂದಕ್ಕೆ ಇಡುವ ತಿಂಗಳು. ಮದುವೆಯಿಲ್ಲ, ಹೊಸ ಮನೆಯಿಲ್ಲ, ಯಾವ ಶುಭಕ್ಕೂ ಕೈ ಹಾಕುವುದಿಲ್ಲ. ಬೇಸಗೆಯ ಕೊನೆಗೆ ಪತ್ತನಾಜೆಯ ದಿನ ಬಂತೆಂದರೆ ಬೊಳ್ಳಪಲ್ಕೆಯ ದೈವಸ್ಥಾನದ ಬಾಗಿಲನ್ನೂ ಹಾಕುತ್ತಾರೆ. ದೀಪಾವಳಿ ಕಳೆದ ಮೇಲೆಯೇ ಅದನ್ನು ತೆರೆಯುವುದು. ಆ ದಿನ ದೈವ ಪಾತ್ರಿಯ ಮೈಮೇಲೆ ಬಂದು, ಕೇಳುವುದಿದ್ದರೆ ಕೇಳುತ್ತದೆ. ಸರ್ಕಾರದ ಪಂಚಾಂಗದಲ್ಲಿ ಇಂಥದ್ದೆಲ್ಲ ಇಲ್ಲ.

ಅಣ್ಣ ಬೆಂಗಳೂರಿನಿಂದ ಫೋನು ಮಾಡಿ ಮಸೂದೆಯ ಮೂರನೆಯ ಖಂಡವನ್ನು ನನಗೆ ಓದಿ ಹೇಳಿದ. ಪ್ರತಿ ಅವನ ಕೈಗೆ ಸಿಕ್ಕಿದ್ದು ಮಂಡನೆಯ ಹಿಂದಿನ ಸಂಜೆ. ಓದುತ್ತಾ ಹೋದ ಹಾಗೆ ಅವನ ಸ್ವರ ಕುಗ್ಗಿತು. ಕುಮ್ಕಿ ಎಂಬ ಹೆಸರನ್ನೇ ಹಾಕಿದ್ದರು. ಶಾಸಕಾಂಗ ಪಕ್ಷದ ಸಭೆಯಲ್ಲಿ ಅವನು ಎದ್ದು ಕೇಳಿದನಂತೆ. ಮಂತ್ರಿಗಳು ಹೆಗಲ ಮೇಲೆ ಕೈ ಹಾಕಿ, "ಮಸೂದೆ ಅಂದರೆ ಬರೀ ಚೌಕಟ್ಟು. ನಿಯಮ ಮಾಡೋವಾಗ ನಿಮ್ಮ ಗುಡ್ಡ ಬಿಡೋಣ ಬಿಡಿ" ಎಂದರಂತೆ. ನಿಯಮ ಸದನದಲ್ಲಿ ಆಗುವುದಲ್ಲ, ಇಲಾಖೆಯ ಕೋಣೆಯಲ್ಲಿ ಆಗುವುದು. ಅಲ್ಲಿ ಅಣ್ಣನಿಗೆ ಕುರ್ಚಿ ಇಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮರುದಿನವೇ ಪಕ್ಷದ ಮುಖ್ಯ ಸಚೇತಕರಿಂದ ವಿಪ್ ಬಂತು. ಎಲ್ಲರೂ ಹಾಜರಿದ್ದು ಮಸೂದೆಯ ಪರ ಮತ ಹಾಕಬೇಕು. ನನ್ನ ಪಾಠಪುಸ್ತಕದಲ್ಲಿ ವಿಪ್ ಎನ್ನುವುದು ಒಂದು ಸಾಲಿನ ವಿಷಯ, ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಓದಿಸದೆ ದಾಟುತ್ತಿದ್ದ ಸಾಲು. ಆ ಸಾಲು ನಮ್ಮ ಮನೆಯ ಜಗಲಿ ಹತ್ತಿ ಬಂದು ಕೂತಿತು. ವಿರುದ್ಧ ಮತ ಹಾಕಿದರೆ ಶಾಸಕತ್ವ ಹೋಗುತ್ತದೆ. ಗೈರುಹಾಜರಾದರೂ ಅದೇ ಭಯ. ಮಸೂದೆ ಬಿದ್ದರೆ ಸರ್ಕಾರ ಬಿದ್ದೇ ಬೀಳಬೇಕು ಎಂದು ಕಾನೂನಿಲ್ಲ. ಆದರೆ ವಿರೋಧ ಪಕ್ಷ ಮರುದಿನವೇ ಅವಿಶ್ವಾಸದ ನೋಟಿಸು ಕೊಡುವುದು ಖಂಡಿತವಿತ್ತು.

ವಾರದ ಕೊನೆಗೆ ಅಣ್ಣ ಮನೆಗೆ ಬಂದ. ಅಡುಗೆಮನೆಯಲ್ಲಿ ಅಮ್ಮ ಪತ್ರೊಡೆ ಬೇಯಿಸುತ್ತಿದ್ದಳು, ಹೊಗೆ ಹೊರಗೆ ಹೋಗದೆ ಒಳಗೇ ಸುತ್ತುತ್ತಿತ್ತು.

"ರಾಜೀನಾಮೆ ಕೊಡುವುದಾ?" ಎಂದು ಅವನೇ ಕೇಳಿ ಅವನೇ ಉತ್ತರಿಸಿದ. "ಕೊಟ್ಟರೆ ಆಸ್ಪತ್ರೆ ಕಟ್ಟಡ ಅರ್ಧಕ್ಕೆ ನಿಲ್ತದೆ, ಸೇತುವೆ ನಿಲ್ತದೆ. ಒಂದು ಗುಡ್ಡೆಗೋಸ್ಕರ ಇಡೀ ಕ್ಷೇತ್ರವನ್ನು ಬಿಡ್ಲಿಕ್ಕೆ ಆಗ್ತದಾ?" ಮತ್ತೆ ತಮಾಷೆಗೆಂದು, "ಹೇಗೂ ಪತ್ತನಾಜೆ ಕಳೆದಿದೆ. ದೈವಗಳಿಗೂ ಈಗ ರಜೆ" ಅಂದ.

"ರಜೆ ಅಲ್ಲ. ಕಾಯ್ತಾ ಕೂತಿರುವುದು" ಅಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಿ ಮತ ಹಾಕುವುದು ಹೇಗೆ? ನಮ್ಮ ಹಾಗೆ ಮೆಷಿನು ಒತ್ತುವುದಾ?" ಎಂದು ಕೇಳಿದಳು.

ನಾನು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಸಭಾಧ್ಯಕ್ಷರು ಪರ ಇರುವವರು ಹೌದು ಎನ್ನಿ ಎನ್ನುತ್ತಾರೆ, ಒಂದು ಕಡೆಯವರು ಒಟ್ಟಿಗೆ ಕೂಗುತ್ತಾರೆ. ಯಾವ ಕೂಗು ದೊಡ್ಡದೋ ಅದು ಗೆದ್ದ ಹಾಗೆ.

"ಕೂಗದೆ ಸುಮ್ಮನಿದ್ದವನು?"

"ಸುಮ್ಮನಿದ್ದವರು ಲೆಕ್ಕಕ್ಕಿಲ್ಲ ಅಮ್ಮಾ."

ಅಮ್ಮ ಅಣ್ಣನನ್ನು ನೋಡಿದಳು. ಅವನ ಮುಖದ ಮೇಲೆ ಬಹಳ ದಿನದ ಮೇಲೆ ಬಿಸಿಲು ಬಿತ್ತು. "ಹಾಗಾದ್ರೆ ಬಾಯಿ ಬಿಡಬೇಡ. ಬಾಯಿಂದ ಒಪ್ಪಿಗೆ ಬಾರದಿದ್ದರೆ ಮಾತು ಉಳಿದ ಹಾಗೇ" ಅಂದಳು. ಹಾಜರಿ ಪುಸ್ತಕದಲ್ಲಿ ಸಹಿ ಇರುತ್ತದೆ, ಪಕ್ಷದವರಿಗೆ ಅಷ್ಟು ಸಾಕು. ತುಟಿ ಮುಚ್ಚಿರುತ್ತದೆ, ದೈವಕ್ಕೆ ಅಷ್ಟು ಸಾಕು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಅಣ್ಣ ಎರಡು ಪತ್ರೊಡೆ ಹೆಚ್ಚಿಗೆ ತಿಂದ. ಮೌನಂ ಸಮ್ಮತಿ ಲಕ್ಷಣಂ ಎಂಬ ಇನ್ನೊಂದು ಗಾದೆಯೂ ಇದೆಯಲ್ಲ ಎಂದು ನನ್ನ ಮನಸ್ಸಿಗೆ ಬಂತು. ಅವನು ಹಾಗೆ ಉಣ್ಣುವುದನ್ನು ನೋಡಿ ಬಹಳ ದಿನವಾಗಿತ್ತು. ನನಗೂ ಸಮಾಧಾನವೇ ಬೇಕಿತ್ತು.

ಎರಡು ದಿನ ಬಿಟ್ಟು ಹಮೀದಾಕ ಮನೆಗೆ ಬಂದರು. ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, "ದಿವಾಕರಣ್ಣ, ಆ ಮಸೂದೆ ಮತಕ್ಕೆ ಬರುವ ದಿನ ನಾವು ಬೆಂಗಳೂರಿಗೆ ಬರ್ತೇವೆ. ಕಮಲಕ್ಕನೂ ಬರ್ತಾಳೆ. ಮೇಲೆ ಕೂತು ನೋಡ್ಲಿಕ್ಕೆ ಪಾಸು ಬೇಕು" ಅಂದರು.

ಬೇಡವೆನ್ನಲು ಅಣ್ಣನಿಗೆ ಕಾರಣ ಸಿಗಲಿಲ್ಲ. "ಅಷ್ಟು ದೂರ ಯಾಕೆ ಹಮೀದಾಕ? ಟಿ.ವಿ.ಯಲ್ಲಿ ಬರ್ತದಲ್ಲ" ಅಂದ.

"ಟಿ.ವಿ.ಯಲ್ಲಿ ಮಂತ್ರಿಗಳ ಮುಖ ಮಾತ್ರ ತೋರಿಸ್ತಾರೆ. ನಮಗೆ ನಿಮ್ಮನ್ನು ನೋಡಬೇಕು."

ಪ್ರೇಕ್ಷಕರ ಗ್ಯಾಲರಿಯ ಪಾಸಿಗೆ ಅಣ್ಣ ತನ್ನ ಕೈಯಾರೆ ಸಹಿ ಹಾಕಿಕೊಟ್ಟ. ಅವರನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಕಮಲಕ್ಕ ಬೆಂಗಳೂರನ್ನು ನೋಡಿದ್ದು ಅದೇ ಮೊದಲು. ವಿಧಾನಸೌಧದ ಮೆಟ್ಟಿಲ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದವಳು, ಹತ್ತುವ ಮೊದಲು ಬಗ್ಗಿ ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕಾವಲಿನವನು ನಕ್ಕ. ನನಗೆ ನಗು ಬರಲಿಲ್ಲ. ಮಾತು ಕೊಡುವ ಜಾಗ ಇದೂ ಒಂದು ಎಂದು ಅವಳು ತಿಳಿದಿದ್ದಳು.

ಫೋನು, ಕೊಡೆ, ಚೀಲ ಎಲ್ಲವನ್ನೂ ಕೆಳಗೆ ಬಿಟ್ಟು ಗ್ಯಾಲರಿಯಲ್ಲಿ ಕೂತೆವು. ಚಪ್ಪಾಳೆ ತಟ್ಟಬಾರದು, ಬಾಗಿ ನೋಡಬಾರದು, ಮಾತಾಡಬಾರದು ಎಂದು ಒಬ್ಬರು ಬಂದು ಹೇಳಿ ಹೋದರು. ಕೆಳಗೆ ಅಣ್ಣ ಆಡಳಿತ ಪಕ್ಷದ ಮೂರನೆಯ ಸಾಲಿನಲ್ಲಿದ್ದ. ಅವನ ಬಿಳಿ ಅಂಗಿ ನನಗೆ ದೂರದಿಂದಲೇ ಗುರುತು ಸಿಕ್ಕಿತು, ಇಸ್ತ್ರಿ ಹಾಕಿದ್ದು ನಾನೇ. ಆಸ್ಪತ್ರೆಯಲ್ಲಿದ್ದ ಒಬ್ಬ ಹಿರಿಯ ಸದಸ್ಯರನ್ನು ಗಾಲಿಕುರ್ಚಿಯಲ್ಲಿ ಒಳಗೆ ತಂದರು. ಅವರ ಕೈಯ ಮೇಲೆ ಸೂಜಿಯ ಪಟ್ಟಿ ಇನ್ನೂ ಇತ್ತು.

ಚರ್ಚೆ ಎಂಬುದು ಬಹಳ ಹೊತ್ತು ನಡೆಯಲಿಲ್ಲ. ವಿರೋಧ ಪಕ್ಷದವರು ಎದ್ದರು, ಕೆಲವರು ಪೀಠದ ಮುಂದಿನ ಬಾವಿಗೆ ಇಳಿದರು, ಮತ್ತೆ ಮೇಲೆ ಬಂದರು. ಮಂತ್ರಿಗಳು ಅಭಿವೃದ್ಧಿ, ಉದ್ಯೋಗ ಎಂದರು. ಖಂಡಗಳನ್ನು ಒಂದೊಂದಾಗಿ ಮತಕ್ಕೆ ಹಾಕುವಾಗ, ಎರಡು, ಮೂರು, ನಾಲ್ಕು ಎಂದು ಸಭಾಧ್ಯಕ್ಷರು ಮಗ್ಗಿ ಒಪ್ಪಿಸಿದ ಹಾಗೆ ಹೇಳಿದರು. ಪ್ರತಿ ಸಲವೂ ಕೆಳಗಿನಿಂದ ಹೌದು ಎಂಬ ಅಲೆ ಎದ್ದಿತು. ಬೊಳ್ಳಪಲ್ಕೆಯ ಗುಡ್ಡೆ ಇದ್ದ ಮೂರನೆಯ ಖಂಡ ಕೆಮ್ಮಿ ಮುಗಿಸುವಷ್ಟರಲ್ಲಿ ದಾಟಿಹೋಯಿತು. ನಾನು ಅಣ್ಣನ ಬಾಯಿಯನ್ನೇ ನೋಡುತ್ತಿದ್ದೆ. ಅವನು ತುಟಿ ಬಿಗಿದು ಎದುರಿನ ಮೇಜನ್ನು ನೋಡುತ್ತಿದ್ದ. ಒಮ್ಮೆಯೂ ಬಾಯಿ ಬಿಡಲಿಲ್ಲ. ಕಮಲಕ್ಕ ನನ್ನ ಮಂಡಿಯನ್ನು ಮೆಲ್ಲಗೆ ಒತ್ತಿದಳು. ಅವಳೂ ನೋಡಿದ್ದಳು.

ಕೊನೆಗೆ, ಮಸೂದೆಯನ್ನು ಅಂಗೀಕರಿಸಬೇಕು ಎಂಬ ಪ್ರಸ್ತಾವ. ಹೌದು ಎಂದು ಕೂಗಿದರು, ಇಲ್ಲ ಎಂದು ಕೂಗಿದರು. ಸಭಾಧ್ಯಕ್ಷರು ಫಲಿತಾಂಶ ಹೇಳಲು ಬಾಯಿ ತೆರೆಯುವಾಗ ಎದುರು ಬದಿಯಲ್ಲಿ ಒಬ್ಬರು ಎದ್ದು ನಿಂತರು. ನಮ್ಮ ಪಕ್ಕದ ಕ್ಷೇತ್ರದವರೇ, ವಿರೋಧ ಪಕ್ಷದವರು. "ಮಾನ್ಯ ಅಧ್ಯಕ್ಷರೇ, ನಾವು ಮತವಿಭಜನೆ ಕೇಳುತ್ತೇವೆ. ತಲೆ ಎಣಿಸಿ" ಎಂದರು.

ಇನ್ನು ಅಣ್ಣನಿಗೆ ಲೆಕ್ಕಕ್ಕೆ ಬಾರದೆ ಉಳಿಯುವ ದಾರಿಯಿಲ್ಲ ಎಂದು ನನಗೆ ಹೊಳೆಯಿತು. ಪಕ್ಕದಲ್ಲಿ ಹಮೀದಾಕ ಮಾತ್ರ ಗಡ್ಡ ನೀವಿಕೊಳ್ಳುತ್ತಾ ಮುಗುಳ್ನಗುತ್ತಿದ್ದರು. ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ನಾವೇ ಹೇಳಿ ಮಾಡಿಸಿದ್ದು ಟೀಚರೇ. ಮೊನ್ನೆ ಬಂಟ್ವಾಳಕ್ಕೆ ಅವರು ಬಂದಿದ್ದಾಗ ನಾನೂ ಕಮಲಕ್ಕನೂ ಹೋಗಿ ಕೇಳಿಕೊಂಡೆವು. ಹೀಗೆ ಎಲ್ಲರೂ ಬೊಬ್ಬೆ ಹಾಕಿದರೆ ನಮ್ಮ ದಿವಾಕರಣ್ಣ ಸುಮ್ಮನೆ ಕೂತದ್ದು ಯಾರಿಗೆ ಕಾಣ್ತದೆ? ಸಾಲು ಸಾಲು ನಿಲ್ಲಿಸಿ ಎಣಿಸುವುದನ್ನು ಟಿ.ವಿ.ಯಲ್ಲಿ ನೋಡಿದ್ದೇನೆ. ಮಾತಿಗೆ ನಿಂತವರ ಹೆಸರು ನಾಲ್ಕು ಜನಕ್ಕೆ ಗೊತ್ತಾಗ್ಲಿ."

ಅವರ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಅಣ್ಣನಿಗೆ ಹಾರ ಹಾಕಲು ಬಂದವರ ಮುಖ ಅದು.

ಗಂಟೆ ಬಾರಿಸತೊಡಗಿತು. ಮತವಿಭಜನೆಯ ಗಂಟೆ ಅದು, ಹೊರಗಿದ್ದ ಸದಸ್ಯರೆಲ್ಲ ಒಳಗೆ ಬರಲೆಂದು ಬಾರಿಸುವುದು. ಅದು ನಿಲ್ಲುವುದೇ ಇಲ್ಲವೇನೋ ಅನ್ನಿಸಿತು. ನಿಂತ ಮೇಲೆ ಸದನದ ಬಾಗಿಲುಗಳನ್ನು ಒಂದೊಂದಾಗಿ ಹಾಕಿದರು. ಇನ್ನು ಎಣಿಕೆ ಮುಗಿಯುವ ತನಕ ಯಾರೂ ಹೊರಗೆ ಹೋಗುವ ಹಾಗಿಲ್ಲ. ಆಗ ಅಣ್ಣ ತಲೆಯೆತ್ತಿ ಗ್ಯಾಲರಿಯ ಕಡೆ ನೋಡಿದ. ನಾನು ಅವನಿಗೆ ಏನನ್ನಾದರೂ ಹೇಳಬೇಕೆಂದು ಹಂಬಲಿಸಿದೆ. ಏಳು ಎಂದೋ, ಏಳಬೇಡ ಎಂದೋ ನನಗೇ ಗೊತ್ತಿರಲಿಲ್ಲ. ಕಮಲಕ್ಕ ಅವನಿಗೆ ಕಾಣಲೆಂದು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಪ್ರಸ್ತಾವದ ಪರವಾಗಿರುವವರು ಸಾಲು ಪ್ರಕಾರ ಎದ್ದು ನಿಲ್ಲಬೇಕು ಎಂದರು. ಮೊದಲ ಸಾಲು ಎದ್ದಿತು, ಎಣಿಸಿದರು, ಕೂತಿತು. ಎರಡನೆಯದೂ ಆಯಿತು. ಮೂರನೆಯ ಸಾಲು ಎದ್ದಾಗ ನಡುವೆ ಒಂದು ಹಲ್ಲು ಬಿದ್ದ ಹಾಗೆ ಒಂದು ಜಾಗ ಖಾಲಿ ಕಂಡ ಹಾಗಾಯಿತು. ಅಣ್ಣ ಕೂತೇ ಇದ್ದ. ಪಕ್ಕದವನು ಏನೋ ಅಂದ. ಮುಂದಿನ ಸಾಲಿನಿಂದ ಮುಖ್ಯ ಸಚೇತಕರು ತಿರುಗಿ ನೋಡಿದರು. ಎಣಿಸುವವರು ಸಾಲಿನ ತುದಿಯಿಂದ ಬೆರಳು ಮಾಡಿಕೊಂಡು ಬರುತ್ತಿದ್ದರು. ಗಾಲಿಕುರ್ಚಿಯ ಹಿರಿಯರು ಕೂತಲ್ಲಿಂದಲೇ ಕೈ ಎತ್ತಿದ್ದರು. ಆ ಬೆರಳು ಅಣ್ಣನ ಹತ್ತಿರ ಬರುವ ಮೊದಲು, ಮೇಜಿಗೆ ಎರಡೂ ಕೈ ಊರಿ, ಮಂಡಿ ನೋವಿರುವ ಮುದುಕರು ಏಳುವ ಹಾಗೆ ಅವನು ಎದ್ದು ನಿಂತ.

ಅವನನ್ನೂ ಎಣಿಸಿದರು. ಮಸೂದೆ ಗೆದ್ದಿತು.

ಗೆದ್ದದ್ದು ಅಣ್ಣನ ಒಂದು ಮತದಿಂದಲ್ಲ. ಅವನು ಕೂತಿದ್ದರೂ ಅದು ಪಾಸಾಗುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಅದನ್ನು ಅವನಿಗೆ ಯಾರೂ ಸಮಾಧಾನಕ್ಕೆಂದು ಹೇಳಬಾರದಿತ್ತು, ಆದರೆ ಹೇಳಿದರು.

"ಎದ್ದರಲ್ಲ" ಎಂದಳು ಕಮಲಕ್ಕ. ಅಷ್ಟೇ. ಹಮೀದಾಕನ ಕೈ ಗಡ್ಡದ ಮೇಲೆ ಹಾಗೆಯೇ ನಿಂತಿತ್ತು. "ಅಲ್ಲಿ ಎದ್ದದ್ದು ಬೇರೆ ಎಂತದಕ್ಕೋ ಇರಬೇಕು. ನಮಗೆ ಅರ್ಥ ಆಗದ್ದು" ಎಂದರು. ಅವರ ಸ್ವರದಲ್ಲಿ ಅದನ್ನು ನಂಬುವ ಆಸೆಯಿತ್ತು. ನನಗೆ ಅಳು ಬಂತು. ಅತ್ತುಬಿಟ್ಟೆ, ಗ್ಯಾಲರಿಯಲ್ಲಿ ಅಳಬಾರದು ಎಂದು ಯಾರೂ ಹೇಳಿರಲಿಲ್ಲ.

ಸಂಜೆ ಶಾಸಕರ ಭವನದ ಮೆಟ್ಟಿಲ ಹತ್ತಿರ ಅಣ್ಣ ಸಿಕ್ಕಿದ. ನಮ್ಮ ಎದುರು ನಿಂತು ಕಣ್ಣು ಮಾತ್ರ ರಸ್ತೆಯ ಕಡೆ ಇಟ್ಟುಕೊಂಡಿದ್ದ. ಕಮಲಕ್ಕ ಕೇಳಿದ್ದು, "ಊಟ ಆಯ್ತಾ ದಿವಾಕರಣ್ಣ?" ಎಂದು. ಅವನು ಹೌದು ಎಂದ. ಆ ದಿನ ಅವನ ಬಾಯಿಂದ ನಾನು ಕೇಳಿದ ಒಂದೇ ಹೌದು ಅದು.

ಮರುದಿನ ಬೆಳಗಿನ ಬಸ್ಸಿನಲ್ಲಿ ಹಿಂದಿರುಗಿದೆವು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜಾರಿ ರಸ್ತೆಗೆ ಬಿದ್ದಿತ್ತು. ಮಣ್ಣು ತೆಗೆಯುವ ತನಕ ಬಸ್ಸು ನಿಂತಿತು. ಎರಡೂ ಬದಿಯಲ್ಲಿ ಮಂಜು, ಕಿಟಕಿಯ ಹೊರಗೆ ನೀರಿನ ಸದ್ದು ಮಾತ್ರ. ಮೇಲಿನಿಂದ ಸಣ್ಣ ಕಲ್ಲುಗಳು ಉದುರಿ ಬಸ್ಸಿನ ಮಾಡಿಗೆ ಟಪ್ಪೆಂದು ಬೀಳುತ್ತಿದ್ದವು. ಎಲ್ಲರೂ ಹೆದರಿದ್ದರು. ಕಮಲಕ್ಕ ನನ್ನ ಕೈ ಹಿಡಿದುಕೊಂಡು, "ಹೆದರಬೇಡಿ ಟೀಚರೇ. ಇದು ನಮಗೆ ಬಂದದ್ದಲ್ಲ" ಅಂದಳು. ಆ ಮಾತಿನಿಂದಲೇ ನನಗೆ ನಿಜವಾದ ಭಯ ಹುಟ್ಟಿತು. ಮುಂಡಾಜೆ ದಾಟಿ ಉಜಿರೆಯ ಪೇಟೆಯ ದೀಪಗಳು ಕಾಣುವ ತನಕ ನಾನು ಅವಳ ಕೈ ಬಿಡಲಿಲ್ಲ.

ಅಮ್ಮ ಜಗಲಿಯಲ್ಲೇ ಕಾದಿದ್ದಳು.

"ಬಾಯಿ ಬಿಟ್ಟನಾ?"

"ಇಲ್ಲ."

"ಮತ್ತೆ ನಿನ್ನ ಮುಖ ಯಾಕೆ ಹೀಗುಂಟು?"

"ಎಣಿಸಿದರು ಅಮ್ಮಾ. ಎದ್ದು ನಿಂತ."

ಅಮ್ಮ ಒಳಗೆ ಹೋಗಿ, ಅಣ್ಣನ ಹೆಸರಿನಲ್ಲಿ ಒಂದು ತೆಂಗಿನಕಾಯಿ ಸುಲಿದು ದೇವರ ಕೋಣೆಯಲ್ಲಿಟ್ಟಳು. ದೈವಸ್ಥಾನದ ಬಾಗಿಲು ತೆರೆದ ದಿನ ಕೊಡಲೆಂದು. ಅಲ್ಲಿಯವರೆಗೆ ಏನಾಗುತ್ತದೆ ಎಂಬುದೇ ಅವಳ ಚಿಂತೆಯಾಯಿತು. ಅಣ್ಣ ಮನೆಗೆ ಬಂದ ಮೇಲೆ ಅವನಿಗೆ ಕಾರು ಓಡಿಸಲು ಬಿಡಲಿಲ್ಲ. ಅವನು ಸೀನಿದರೆ ಬಂದು ಹಣೆ ಮುಟ್ಟಿ ನೋಡುತ್ತಿದ್ದಳು. ಅಂಗಳದ ಹಲಸಿನ ಮರದ ಒಂದು ಕೊಂಬೆ ಗಾಳಿಗೆ ಮುರಿದಾಗ ಊಟ ಬಿಟ್ಟಳು. ಆಟಿಯ ಗಾಳಿಗೆ ಕೊಂಬೆ ಮುರಿಯದೆ ಇನ್ನೇನು ಎಂದು ನಾನು ರೇಗಿದೆ. ರೇಗಿದವಳು ನಾನೇ ರಾತ್ರಿ ಎದ್ದು ಅಣ್ಣನ ಉಸಿರಾಟದ ಸದ್ದು ಕೇಳಿಸುತ್ತದೋ ಎಂದು ಕಿವಿಗೊಡುತ್ತಿದ್ದೆ.

ಮಸೂದೆ ಮೇಲ್ಮನೆಯಲ್ಲೂ ಪಾಸಾಯಿತು. ರಾಜ್ಯಪಾಲರ ಅಂಕಿತವೂ ಬಿತ್ತು. ಎಲ್ಲವೂ ನಾನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದ ಕ್ರಮದಲ್ಲೇ ನಡೆಯಿತು, ಒಂದು ಹೆಜ್ಜೆಯೂ ತಪ್ಪಲಿಲ್ಲ. ನಿಯಮ ಮಾಡುವಾಗ ಬೊಳ್ಳಪಲ್ಕೆಯ ಗುಡ್ಡೆಯನ್ನು ಯಾರೂ ಬಿಡಲಿಲ್ಲ.

ಆಟಿ ಮುಗಿಯುವ ಮೊದಲು ಒಂದು ಮಧ್ಯಾಹ್ನ ಕಮಲಕ್ಕ ನಮ್ಮ ಮನೆಗೆ ಬಂದಳು. ಅಣ್ಣ ಅವಳ ಸ್ವರ ಕೇಳಿ ಚಾವಡಿಯಿಂದ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಬೈಯಲು ಬಂದಿದ್ದಾಳೆ ಎಂದು ನಾನೂ ಎಣಿಸಿದೆ. ಬೈದರೆ ಸಾಕಿತ್ತು, ಹಗುರಾಗುತ್ತಿತ್ತು. ಅವಳು ಒಂದು ಕಟ್ಟು ಕೆಸುವಿನೆಲೆ ತಂದಿದ್ದಳು. "ಅಮ್ಮನಿಗೆ ಪತ್ರೊಡೆಗೆ ಆಗ್ತದೆ" ಎಂದು ಅದನ್ನು ಜಗಲಿಯಲ್ಲಿಟ್ಟು, ನೀರು ಬೆಲ್ಲ ಕೊಟ್ಟರೆ ಕುಡಿದು, ಹೊರಡುವ ಮೊದಲು ಹೇಳಿದಳು:

"ಅಮ್ಮ ಊಟ ಬಿಟ್ಟಿದ್ದಾರೆ ಅಂತ ಹಮೀದಾಕ ಹೇಳಿದರು. ನಾನು ದೈವಸ್ಥಾನಕ್ಕೆ ಹೋಗಿ ಹೇಳಿ ಬಂದಿದ್ದೇನೆ. ಗುಡ್ಡೆ ಹೋದರೆ ಹೋಗ್ಲಿ, ಅವರನ್ನು ಬಿಟ್ಟುಬಿಡು, ಮಾತು ಕೇಳಿಸಿಕೊಂಡದ್ದು ನಾವು, ನಾವೇ ವಾಪಸು ತೆಗೆದುಕೊಳ್ತೇವೆ ಅಂತ." ಸೆರಗನ್ನು ತಲೆಗೆ ಎಳೆದುಕೊಂಡು ಮಳೆಯನ್ನು ನೋಡಿದಳು. "ಆದ್ರೆ ಬಾಗಿಲು ಹಾಕಿತ್ತಲ್ಲ ಟೀಚರೇ. ಹೊರಗೆ ನಿಂತು ಹೇಳಿದ್ದು. ಒಳಗೆ ಕೇಳಿತೋ ಇಲ್ಲವೋ ಗೊತ್ತಿಲ್ಲ."

ಒಳಕೋಣೆಯಲ್ಲಿ ಮಂಚ ಕಿರ್ರೆಂದಿತು. ಅವಳು ಅಂಗಳ ದಾಟಿ ಹೋದ ಮೇಲೂ ಅಣ್ಣ ಆ ಬಾಗಿಲು ತೆರೆಯಲಿಲ್ಲ.

ಅಣ್ಣನಿಗೆ ಏನೂ ಆಗಲಿಲ್ಲ. ಮುಂದಿನ ಚುನಾವಣೆಯಲ್ಲೂ ಗೆದ್ದ, ಹೆಚ್ಚು ಮತದಿಂದಲೇ ಗೆದ್ದ. ಈಗ ರಾಜಕೀಯ ಬಿಟ್ಟು ಬಂಟ್ವಾಳದಲ್ಲಿ ಮನೆ ಮಾಡಿಕೊಂಡು ಇದ್ದಾನೆ. ಸಕ್ಕರೆ ಕಾಯಿಲೆ ಕೂಡ ಇಲ್ಲ. ಅಮ್ಮ ತನ್ನ ವಯಸ್ಸಿಗೆ ತಕ್ಕ ಹಾಗೆ ನಿದ್ದೆಯಲ್ಲೇ ತೀರಿಕೊಂಡಳು. ಕಮಲಕ್ಕನೂ ಈಗಿಲ್ಲ, ಒರತೆ ಬತ್ತಿದ ಮೇಲೆ ತೋಟ ಮಾರಿ ತಂಗಿಯ ಮನೆಗೆ ಹೋಗಿದ್ದಳು, ಅಲ್ಲೇ ತೀರಿದಳು. ಕೊಟ್ಟ ಮಾತನ್ನು ಹಿಂದಕ್ಕೆ ಪಡೆದದ್ದು ನಡೆಯಿತೋ ಇಲ್ಲವೋ ಎಂದು ಕೇಳಿ ತಿಳಿಯಲು ಈಗ ಯಾರೂ ಉಳಿದಿಲ್ಲ.

ಮೊನ್ನೆ ಮೂಡುಬಿದಿರೆಯಿಂದ ಬರುವ ಬಸ್ಸು ಬೊಳ್ಳಪಲ್ಕೆಯ ತಿರುವಿನಲ್ಲಿ ನಿಧಾನವಾಯಿತು. ಗುಡ್ಡೆಯನ್ನು ಅರ್ಧ ಕಡಿದಿದ್ದಾರೆ. ಸುತ್ತ ಬೇಲಿ, ಕಡಿದಲ್ಲಿಂದ ಕೆಂಪು ನೀರು ರಸ್ತೆಗೆ ಇಳಿಯುತ್ತಿತ್ತು. ದೈವಸ್ಥಾನವನ್ನು ಮಾತ್ರ ಮುಟ್ಟದೆ ಬೇಲಿಯ ಒಳಗೆ ಹಾಗೆಯೇ ಬಿಟ್ಟಿದ್ದಾರೆ. ಮರಗಳೆಲ್ಲ ಹೋಗಿರುವುದರಿಂದ ಈಗ ಅದು ಬಸ್ಸಿನಿಂದಲೇ ಕಾಣುತ್ತದೆ, ಹಾಕಿದ ಬಾಗಿಲಿನ ಸಮೇತ.

ಪ್ರತಿ ವರ್ಷ ದೀಪಾವಳಿ ಕಳೆದು ಆ ಬಾಗಿಲು ತೆರೆಯುವ ದಿನ ಬೆಳಿಗ್ಗೆ ಅಣ್ಣ ನನಗೆ ಫೋನು ಮಾಡುತ್ತಾನೆ. ಕ್ಷೇಮ ಸಮಾಚಾರ ಏನೂ ಇಲ್ಲ.

"ಬಾಗಿಲು ತೆಗೆದರಾ?"

"ತೆಗೆದರು."

"ಎಂತಾದ್ರೂ ಕೇಳಿತಾ?"

"ಇಲ್ಲ ಅಣ್ಣ. ಈ ವರ್ಷವೂ ಏನೂ ಕೇಳಲಿಲ್ಲ."

"ಆಯ್ತು, ಬರುವ ವರ್ಷ ನೋಡುವ" ಎಂದು ಫೋನು ಇಡುತ್ತಾನೆ.